ಐದು ಬಂಡೆಗಳ ಚೌಕಾಸಿ

ಸೈಟು ಕೊಳ್ಳಲು ಹೊರಟವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ. ಪತ್ರ ಆಮೇಲೆ ನೋಡಿ. ಮೊದಲು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಆ ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತುಕೊಳ್ಳಿ. ಬಿಸಿಲು ಎಲ್ಲಿಂದ ಹೊಡೆಯುತ್ತದೆ, ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ, ಮಳೆ ಬಂದರೆ ನೀರು ಎಲ್ಲಿಗೆ ಓಡುತ್ತದೆ ಎನ್ನುವುದು ಯಾವ ಪತ್ರದಲ್ಲೂ ಬರೆದಿರುವುದಿಲ್ಲ. ಈ ಬುದ್ಧಿ ನನಗೆ ಯಾರೂ ಕಲಿಸಿದ್ದಲ್ಲ, ನಾನೇ ಸಂಪಾದಿಸಿದ್ದು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳುವುದಿಲ್ಲ. ಸಾಸಲು ಕಡೆಯ ಒಂದು ಗುಡ್ಡದಲ್ಲಿ ಯಾರೋ ಸಾವಿರಾರು ವರ್ಷ ಮೊದಲೇ ಇದೇ ಲೆಕ್ಕ ಹಾಕಿ ಜಾಗ ಹಿಡಿದಿದ್ದರು. ಆ ಮನೆಯನ್ನು ಒಡೆಯಲು ಹೋದವಳು ನಾನು.

ನನ್ನದು ಕಲ್ಲಿನ ವ್ಯಾಪಾರ. ಮನೆ ಪಾಯಕ್ಕೆ ಸೈಜುಕಲ್ಲು, ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ, ಬಾಗಿಲ ಮುಂದಿನ ಮೆಟ್ಟಿಲಿಗೆ ಚಪ್ಪಡಿ. ಹದಿನಾರನೇ ವಯಸ್ಸಿಗೆ ಗೋಣಿಚೀಲ ಹಾಸಿಕೊಂಡು ಕೂತು ಜಲ್ಲಿ ಒಡೆದವಳು. ಆಮೇಲೆ ಕೆಲವು ವರ್ಷ ಸಂತೆಯಲ್ಲಿ ಕುರಿ ಕೊಂಡೆ, ಕುರಿ ಮಾರಿದೆ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಲಿತದ್ದು ಅಲ್ಲಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಮಾರುವವನ ಕೈ, ಕೊಳ್ಳುವವನ ಕೈ ಎರಡೂ ಒಂದು ಬಟ್ಟೆಯ ಕೆಳಗೆ ಹೋಗುತ್ತವೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಬೆರಳನ್ನು ಮಡಚಿದರೆ ಇಲ್ಲ ಎಂದರ್ಥ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕೊನೆಗೆ ಅಂಗೈಗೆ ಅಂಗೈ ಅದುಮಿದರೆ ವ್ಯಾಪಾರ ಮುಗಿದ ಹಾಗೆ. ಅದಾದ ಮೇಲೆ ಹಿಂದೆ ಸರಿಯುವಂತಿಲ್ಲ. ಹೆಂಗಸು ಟವೆಲಿನ ಕೆಳಗೆ ಕೈ ಹಾಕಿದ್ದನ್ನು ಕಂಡು ಮೊದಮೊದಲು ಸಂತೆಯ ಗಂಡಸರು ನಕ್ಕರು. ನನ್ನ ಜೊತೆ ಎರಡು ಸಲ ವ್ಯಾಪಾರ ಮಾಡಿದವರು ನಗುವುದನ್ನು ಬಿಟ್ಟರು.

ಗುಡ್ಡದ ಇಳಿಜಾರಿನಲ್ಲಿ ಜಮೀನಿದ್ದ ರೈತರೊಬ್ಬರು ಎರಡು ವರ್ಷದ ಹಿಂದೆ, ಬೇಸಿಗೆಯ ಕೊನೆಯಲ್ಲಿ, ನನ್ನನ್ನು ಕರೆಸಿದರು. ಅವರ ಹೊಲದಲ್ಲಿ ಐದು ದೊಡ್ಡ ಬಂಡೆಗಳಿದ್ದವು. ಅವನ್ನು ತೆಗೆಸಿ, ನೆಲ ಮಟ್ಟ ಮಾಡಿಸಿ ದಾಳಿಂಬೆ ಹಾಕಬೇಕೆಂಬುದು ಅವರ ಆಸೆ. ಬಂಡೆ ತೆರವು ಮಾಡಿಕೊಡುವ ಕೆಲಸ ನನ್ನದು, ಒಡೆದ ಕಲ್ಲೂ ನನ್ನದೇ. ಕಚೇರಿಯ ಕಾಗದವೆಲ್ಲ ಅವರೇ ಮಾಡಿಸಿಟ್ಟಿದ್ದರು. ಐದರಲ್ಲಿ ತೀರ ಕೆಳಗಿನದನ್ನು ಮೊದಲು ಒಡೆಯುವುದೆಂದು ತೀರ್ಮಾನವಾಯಿತು, ಏಕೆಂದರೆ ಲಾರಿ ಬರುವ ದಾರಿಗೆ ಅದೇ ಹತ್ತಿರ.

ಆ ಬಂಡೆ ಪೂರ್ವಕ್ಕೆ ಮುಖ ಮಾಡಿ ಮುಂದಕ್ಕೆ ಬಾಗಿತ್ತು. ಮೇಲಿನ ಅರ್ಧ ಭಾಗ ಮನೆಯ ಸೂರಿನಂತೆ ಹೊರಗೆ ಚಾಚಿಕೊಂಡು, ಕೆಳಗೆ ಹತ್ತು ಮಂಚ ಹಾಕುವಷ್ಟು ಜಾಗ ಬಿಟ್ಟಿತ್ತು. ಸೂರಿನ ಒಳಮೈ ಹೊಗೆ ಹಿಡಿದು ಕಪ್ಪಾಗಿತ್ತು. ನೆಲ ಒಂದೇ ಹಾಸುಬಂಡೆ, ಸ್ವಲ್ಪ ಮುಂದಕ್ಕೆ ಇಳಿಜಾರು, ಹಾಗಾಗಿ ನೀರು ನಿಲ್ಲುವ ಮಾತೇ ಇಲ್ಲ. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆ ದಿನ ನಾನು ನೋಡಿದ್ದು ಸೂರು ಒಡೆದರೆ ಎಷ್ಟು ಲೋಡು ಕಲ್ಲು ಬರುತ್ತದೆ ಎಂಬುದನ್ನು ಮಾತ್ರ.

ನನ್ನ ಮೇಸ್ತ್ರಿ ಕಲ್ಲು ಕುಟಿಗರ ಮನೆಯವನು, ಹತ್ತು ವರ್ಷದಿಂದ ನನ್ನ ಜೊತೆ ಇರುವವನು. ಅವನು ಸೂರಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲ ಸವರುತ್ತಿದ್ದ.

"ಅಕ್ಕ, ಇಲ್ಲಿ ಒಸಿ ಕೈ ಇಡಿ."

ಇಟ್ಟೆ. ಹಾಸುಬಂಡೆಯಲ್ಲಿ ದೋಣಿಯಾಕಾರದ ಆರೇಳು ತಗ್ಗುಗಳು, ಒಂದೊಂದೂ ಗೇಣುದ್ದ. ಒಳಗೆ ಗಾಜಿನಷ್ಟು ನುಣುಪು.

"ಅರಿಸಿನ ಅರೆದವ್ರಾ?" ಎಂದೆ.

"ಅರೆದಿದ್ದಲ್ಲ, ಮಸೆದಿದ್ದು. ಕಬ್ಬಿಣ ಇಲ್ದೇ ಇದ್ದ ಕಾಲ್ದಲ್ಲಿ ಕಲ್ಲನ್ನೇ ಕಲ್ಲಿಗೆ ಮಸೆದು ಕೊಡ್ಲಿ ಮಾಡ್ತಿದ್ರಂತೆ. ಆಚೆ ಗುಡ್ಡದಲ್ಲೂ ಹಿಂಗೇ ಐತೆ. ಕಾಲೇಜು ಮೇಡಮ್ಮೊಬ್ರು ಮಕ್ಕಳನ್ನ ಕರ್ಕೊಂಡು ಬಂದು ತೋರಿಸ್ತಿದ್ರು, ನಾನೂ ನಿಂತು ಕೇಳ್ದೆ. ಇಂಥ ಸೂರಿನ ಕೆಳಗೇ ಸಂಸಾರ ಮಾಡ್ತಿದ್ರಂತೆ."

"ಬಾಡಿಗೆ ಎಷ್ಟಂತೆ?"

ಅವನು ನಗಲಿಲ್ಲ. "ನಮ್ಮ ಕಸುಬಿನೋರು ಕಣಕ್ಕ. ಉಳಿ ಮಸೆಯೋನಿಗೆ ನೋಡಿದ ತಕ್ಷಣ ಗೊತ್ತಾಗ್ತದೆ. ಇದು ಬಲಗೈಯೋನ್ದು. ಇದು ನೋಡಿ, ವಾರೆ ಈ ಕಡೆಗೈತೆ, ಎಡಚ. ಇಬ್ರೂ ಎದುರುಬದುರು ಕೂತು ಮಾತಾಡ್ಕೊಂಡು ಮಸೆದವ್ರೆ."

ಕೂಲಿ ಏರಿಸಲು ಪೀಠಿಕೆ ಹಾಕುತ್ತಿದ್ದಾನೆ ಎಂದುಕೊಂಡೆ. "ಎಡಚನೋ ಬಲಚನೋ, ಖಾಲಿ ಮಾಡಿ ಹೋಗಿದ್ದಾರಲ್ಲ. ತೂತು ಕೊರಿ" ಎಂದೆ.

ಈಗ ಸಿಡಿಮದ್ದು ಇಟ್ಟು ಬಂಡೆ ಹಾರಿಸುವ ಕಾಲವಲ್ಲ. ಸಾಲಾಗಿ ತೂತು ಕೊರೆದು, ಒಂದು ಬಗೆಯ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಸುರಿಯುತ್ತೇವೆ. ಅದು ಒಳಗೇ ಊದಿಕೊಂಡು ಗಂಟೆಗಟ್ಟಲೆ ಹೊತ್ತು ತಳ್ಳಿ ತಳ್ಳಿ ಕಲ್ಲನ್ನು ಬಿರಿಸುತ್ತದೆ. ಢಂ ಎನ್ನುವುದಿಲ್ಲ, ಹೊಗೆ ಬರುವುದಿಲ್ಲ. ಹತ್ತಿರ ನಿಂತವನಿಗೂ ಗೊತ್ತಾಗದ ಹಾಗೆ ಕೆಲಸ ನಡೆಯುತ್ತದೆ. ಅದರ ಅನುಕೂಲವೂ ಅದೇ, ಅಪಾಯವೂ ಅದೇ.

ಮರುದಿನ ಬೆಳಿಗ್ಗೆ ಸೂರು ಬಂಡೆಗೆ ಕೂಡುವ ಜಾಗದಲ್ಲಿ, ಮೇಲುಗಡೆ, ಆಳುಗಳು ಹನ್ನೊಂದು ತೂತು ಕೊರೆದರು. ಪುಡಿಯ ಚೀಲ ಬಿಚ್ಚಿದ ಮೇಸ್ತ್ರಿ ಒಂದು ಕ್ಷಣ ತಡೆದ.

"ಅಕ್ಕ, ಇದು ಚಳಿಗಾಲದ ಪುಡಿ."

"ಪುಡಿಗೆ ಕಾಲ ಏನು?"

"ಬಂಡೆ ತಣ್ಣಗಿರುವಾಗ ಹಾಕೋದು. ಈ ಬಿಸಿಲಿಗೆ ಹಾಕಿದ್ರೆ ಬೇಗ ಏಳ್ತದೆ, ಕೆಲವು ಸಲ ತೂತಿಂದ ಆಚೆಗೆ ಎಗರ್ತದೆ. ನಾಳೆ ಬೆಳಿಗ್ಗೆ ಬಿರಿಬೇಕಾದ್ದು ಇವತ್ತು ಸಾಯಂಕಾಲಕ್ಕೇ ಬಿರಿದ್ರೂ ಬಿರೀತು."

ಆ ಪುಡಿ ಉಳಿದ ಮಾಲು, ಅಗ್ಗಕ್ಕೆ ಸಿಕ್ಕಿದ್ದು ಎಂದು ನಾನೇ ಕೊಂಡು ತಂದದ್ದು. "ಬೇಗ ಆದ್ರೆ ಒಳ್ಳೇದೇ ಆಯ್ತಲ್ಲ" ಎಂದೆ. ಅವನು, ಹಾಗಾದರೆ ಒಬ್ಬರನ್ನು ಇಲ್ಲಿ ಕಾವಲಿಗೆ ಬಿಡೋಣ ಎಂದ. ಒಂದು ಆಳಿನ ದಿನದ ಕೂಲಿ ದಂಡ ಎನ್ನಿಸಿತು. ಈ ಬಿಸಿಲಿನಲ್ಲಿ ಈ ಗುಡ್ಡಕ್ಕೆ ಯಾವ ಪಿಳ್ಳೆ ಬರುತ್ತದೆ ಎಂದು, ಕೋಲಿಗೆ ಒಂದು ಕೆಂಪು ಬಟ್ಟೆ ಕಟ್ಟಿಸಿ ಬಂಡೆಯ ಮುಂದೆ ನೆಡಿಸಿದೆ. ಹನ್ನೊಂದೂವರೆಗೆ ಪುಡಿ ಸುರಿದು, ತೂತುಗಳ ಮೇಲೆ ಗೋಣಿ ಮುಚ್ಚಿ ಕೆಳಗಿಳಿದೆವು. ಕೊರೆಯುವ ಆಳುಗಳು ಟೆಂಪೋ ಹತ್ತಿ ಹೋದರು. ನಾನೂ ಮೇಸ್ತ್ರಿಯೂ ರಸ್ತೆಬದಿಯ ಚಹಾದ ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚಿದೆವು.

ನನ್ನಿಂದ ಏನಾದರೂ ಕಲಿಯುವುದಿದ್ದರೆ ಇದನ್ನು ಕಲಿಯಿರಿ: ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಕಾವಲಿನವನ ಕೂಲಿಯಲ್ಲಿ ಮಾತ್ರ ಹಿಡಿಯಬೇಡಿ.

ಎರಡೂವರೆಗೆ ಪಶ್ಚಿಮದಿಂದ ಮೋಡ ಎದ್ದಿತು. ಬೇಸಿಗೆಯ ಮೋಡ, ಅಂಚು ಹಳದಿ, ಹೊಟ್ಟೆ ಕಪ್ಪು. ಹತ್ತು ನಿಮಿಷದಲ್ಲಿ ಗಾಳಿ ಬಂದು ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯನ್ನು ಉರುಳಿಸಿಕೊಂಡು ಹೋಯಿತು. ನಾನು ಎದ್ದು ನಿಂತು ಗುಡ್ಡದ ಕಡೆ ನೋಡಿದೆ. ಕೆಂಪು ಬಟ್ಟೆ ಕಾಣಲಿಲ್ಲ. ಅದರ ಬದಲು, ಗುಡ್ಡದ ಪಕ್ಕೆಯಲ್ಲಿ ಬೂದು ಬಣ್ಣದ ಏನೋ ಒಂದು ಹರಡಿಕೊಂಡು, ಆಮೇಲೆ ಸಣ್ಣದಾಗುತ್ತಾ, ಒಂದೇ ಕಡೆಗೆ ಹರಿದು ಹೋಗುತ್ತಿತ್ತು. ಒಂದು ಕಾಲದಲ್ಲಿ ಕುರಿ ಮಾರಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಮೇಸ್ತ್ರಿ, ಕುರಿ."

ಅವನು ಡಬ್ಬಿ ಹಾಗೇ ಬಿಟ್ಟು ಎದ್ದ. ಕುರಿಗಳು ಹೋಗುತ್ತಿದ್ದದ್ದು ಕೆಳಗಿನ ಬಂಡೆಯ ಕಡೆಗೆ. ಮಳೆ ಬಂದರೆ ಇನ್ನೆಲ್ಲಿಗೆ ಹೋಗುತ್ತವೆ? ಆ ಗುಡ್ಡದಲ್ಲಿ ಪಶ್ಚಿಮದ ಮಳೆಗೆ ಬೆನ್ನು ಕೊಟ್ಟ ಸೂರು ಅದೊಂದೇ.

ಮೇಸ್ತ್ರಿಯ ಬೈಕು ಅರ್ಧ ದಾರಿಯವರೆಗೆ ಹೋಯಿತು. ಅಲ್ಲಿಂದ ಓಡಿದೆವು. ಐವತ್ತು ದಾಟಿದ ನನ್ನ ಮೊಣಕಾಲಿಗೆ ಓಟ ಎಂದರೆ ಏನೆಂದು ಮರೆತುಹೋಗಿತ್ತು. ಮೊದಲ ಹನಿಗಳು ಹಾಸುಬಂಡೆಯ ಮೇಲೆ ಬಿದ್ದು ಚುರ್ ಎಂದು ಆವಿಯಾದವು. ಬಂಡೆ ಅಷ್ಟು ಕಾದಿತ್ತು. ಒಳಗಿನ ಪುಡಿಯೂ ಇಷ್ಟೇ ಕಾದಿರಬೇಕು. ಆಮೇಲೆ ಆಲಿಕಲ್ಲು ಶುರುವಾಯಿತು. ನಿಂಬೆಕಾಯಿ ಗಾತ್ರದವು. ಮೇಸ್ತ್ರಿ ತಲೆಯ ಮೇಲೆ ಒಂದು ತಗಡಿನ ಬಾಂಡ್ಲಿ ಹಿಡಿದುಕೊಂಡಿದ್ದ, ನಾನು ಸೆರಗನ್ನು ನಾಲ್ಕು ಮಡಿಕೆ ಮಾಡಿ ಹೊದ್ದಿದ್ದೆ.

ಸೂರಿನ ಕೆಳಗೆ ನಲವತ್ತೋ ಐವತ್ತೋ ಕುರಿ ಒತ್ತೊತ್ತಾಗಿ ನಿಂತಿದ್ದವು. ನಡುವೆ ತಲೆ ಮೇಲಿಂದ ಕಂಬಳಿ ಗೊಪ್ಪೆ ಹಾಕಿಕೊಂಡ ಒಬ್ಬ ಮುದುಕ, ಬಲಗೈಯವನೂ ಎಡಚನೂ ಕೂತಿದ್ದ ಜಾಗದಲ್ಲೇ, ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ.

ಹೊರಗಿನಿಂದ ಕೂಗಿದೆ. ಬಂಡೆಯ ಮೇಲೆ ಆಲಿಕಲ್ಲು ಬೀಳುವ ಸದ್ದಿಗೆ ನನ್ನ ಕೂಗು ನನಗೇ ಕೇಳಿಸಲಿಲ್ಲ. ಮೇಸ್ತ್ರಿ ಬಂಡೆಯ ಪಕ್ಕಕ್ಕೆ, ತೂತುಗಳ ಸಾಲು ಕಾಣುವಷ್ಟು ಎತ್ತರದ ಒಂದು ಕಲ್ಲಿನ ಮೇಲೆ ಹತ್ತಿದ. ಗಾಳಿ ಗೋಣಿಯನ್ನು ಹಾರಿಸಿಕೊಂಡು ಹೋಗಿತ್ತು. ಅವನು ಬಗ್ಗಿ ನೋಡಿ, ನನ್ನ ಕಡೆಗೆ ತಿರುಗಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ಹಿಡಿದು ತೋರಿಸಿದ. ನಡುವೆ ಒಂದು ಕೂದಲೆಳೆ ಹಿಡಿಯುವಷ್ಟು ಸಂದು.

ಬಿರುಕು ಬಿಟ್ಟಿತ್ತು.

ನಾನು ಒಳಗೆ ನುಗ್ಗಿದೆ. ಧೈರ್ಯ ಎಂದು ತಿಳಿಯಬೇಡಿ. ನುಗ್ಗದೆ ನಿಂತಿದ್ದರೆ ಆಮೇಲೆ ಇಡೀ ಆಯಸ್ಸು ಹೇಗೆ ಕಳೆಯುವುದು ಎಂಬ ಲೆಕ್ಕ ಒಂದೇ ಕ್ಷಣದಲ್ಲಿ ಆಗಿಹೋಯಿತು, ಅಷ್ಟೆ. ಕುರಿಗಳನ್ನು ಒತ್ತರಿಸಿಕೊಂಡು ಮುದುಕನ ಕಿವಿಗೆ ಬಾಯಿಟ್ಟೆ.

"ತಾತ, ಏಳು! ಬಂಡೆ ಬೀಳ್ತದೆ!"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾವ ಬಂಡೆ?"

"ಇದೇ! ತಲೆ ಮೇಲಿಂದು!"

"ನಮ್ಮ ತಾತನ ಕಾಲ್ದಿಂದ ಬಿದ್ದಿಲ್ಲ, ಇವತ್ತು ನೀನು ಬಂದೆ ಅಂತ ಬೀಳ್ತದಾ?"

"ಬೆಳಿಗ್ಗೆ ಪುಡಿ ಹಾಕಿದ್ದೀವಿ ತಾತ. ಒಡೆಯೋಕೆ. ಒಳಗೇ ಬಿರೀತಾ ಐತೆ."

ಅವನ ಮುಖ ಬದಲಾಯಿತು. ಹೆದರಿಕೆ ಅಲ್ಲ. ಸಂತೆಯಲ್ಲಿ ಎದುರಾಳಿಯ ಗುಟ್ಟು ತಿಳಿದಾಗ ಬರುತ್ತದಲ್ಲ, ಅಂಥದ್ದು. "ಓ. ಕಲ್ಲಿನ ಯಜಮಾನಿ ನೀನೇನಾ."

"ಮೇಲಿನ ಬಂಡೆಗೆ ಹೋಗು, ಅಲ್ಲಿ ಏನೂ ಆಗಲ್ಲ. ಕುರಿ ಎಬ್ಬಿಸು."

"ಈ ಕಲ್ಲಿನ ಮಳೆಯಲ್ಲಿ? ಮರಿಗಳ ತಲೆ ಒಡೆದು ಹೋಯ್ತವೆ. ಸಿಡಿಲು ಬೇರೆ. ಮೇಲಿಂದೂ ನಿನ್ನ ಬಾಬತ್ತೇ ಅಲ್ವಾ? ಅದಕ್ಕೂ ಪುಡಿ ಹಾಕಿದ್ದೀಯೋ ಏನೋ, ಯಾವೋನಿಗೆ ಗೊತ್ತು!"

"ದೇವ್ರಾಣೆ ಹಾಕಿಲ್ಲ."

"ಇವತ್ತು ಹಾಕಿಲ್ಲ. ನಾಳೆ ಹಾಕ್ತೀಯ." ಮರಿಯ ತಲೆಯ ಮೇಲೆ ಕಂಬಳಿಯ ಅಂಚು ಎಳೆದ. "ಇವತ್ತು ಇಲ್ಲಿಂದ ಎಬ್ಬಿಸ್ತೀಯ, ನಾಳೆ ಅಲ್ಲಿಂದ. ಎಲ್ಲಿಗಂತ ಹೋಗೋಣ? ನಿನ್ನ ತಾರಸಿ ಮೇಲಕ್ಕಾ?"

ಅದರ ಮುಂದೆ ಅವನು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಆಲಿಕಲ್ಲು ಇನ್ನೂ ಜೋರಾಯಿತು. ತುಟಿ ಆಡುತ್ತಿದೆ, ಮಾತಿಲ್ಲ. ನಾನು ಅವನ ರಟ್ಟೆ ಹಿಡಿದು ಎಳೆದೆ; ಬೇರು ಬಿಟ್ಟವನಂತೆ ಕೂತಿದ್ದ. ಕುರುಬನನ್ನು ಬಿಟ್ಟು ಕುರಿ ಹೊರಡುವುದಿಲ್ಲ. ಹೊರಗೆ ನೋಡಿದರೆ ಮೇಸ್ತ್ರಿ ಮತ್ತೆ ಬೆರಳು ತೋರಿಸುತ್ತಿದ್ದ. ಈ ಸಲ ಸಂದು ಬೆಂಕಿಕಡ್ಡಿಯಷ್ಟಿತ್ತು.

ಆಗ ಮುದುಕ ತನ್ನ ಕಂಬಳಿಯ ಅಂಚನ್ನು ಎತ್ತಿ, ಕೈಯನ್ನು ಅದರ ಕೆಳಗೆ ನನ್ನ ಕಡೆಗೆ ಚಾಚಿದ.

ಸಂತೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ನನ್ನ ಕೈ ತಾನಾಗಿ ಒಳಗೆ ಹೋಯಿತು. ಅವನ ಕೈ ಒರಟಾಗಿ, ಬೆಚ್ಚಗೆ, ಉಣ್ಣೆಯ ಜಿಡ್ಡಿನಿಂದ ಜಾರುತ್ತಿತ್ತು. ಅವನು ಇನ್ನೊಂದು ಕೈಯಿಂದ ಗುಡ್ಡದ ಮೇಲ್ಭಾಗವನ್ನು ತೋರಿಸಿದ. ಅಲ್ಲಿ ಉಳಿದ ಬಂಡೆಗಳಿದ್ದವು. ಆಮೇಲೆ ಕಂಬಳಿಯ ಕೆಳಗೆ ನನ್ನ ನಾಲ್ಕು ಬೆರಳನ್ನೂ ಒಟ್ಟಿಗೆ ಹಿಡಿದ. ನಾಲ್ಕೂ ಬಿಡು.

ನಾನು ಈಗ ಬರೆಯುವುದನ್ನು ಓದಿ ನೀವು ನಗಬಹುದು, ಇಲ್ಲ ಉಗಿಯಬಹುದು. ತಲೆಯ ಮೇಲೆ ಬಿರಿಯುತ್ತಿರುವ ಬಂಡೆ. ಹೂಂ ಎಂದು ಅಂಗೈ ಅದುಮಿ ಎದ್ದು ಬರಬೇಕು ತಾನೇ? ಇಲ್ಲ. ನನ್ನ ಬೆರಳುಗಳು ಮಡಚಿಕೊಂಡವು. ನಾನು ಅವನ ಒಂದು ಬೆರಳನ್ನು ಹಿಡಿದೆ. ಒಂದು ಬಿಡುತ್ತೇನೆ.

ಮೂವತ್ತು ವರ್ಷದ ಅಭ್ಯಾಸ. ಮೊದಲು ಕೇಳಿದ್ದಕ್ಕೆ ಒಪ್ಪುವ ಕೈಯಲ್ಲ ನನ್ನದು.

ಅವನು ನನ್ನ ಬೆರಳನ್ನು ಕೊಡವಿ ಮತ್ತೆ ನಾಲ್ಕು ಹಿಡಿದ. ನಾನು ಎರಡು ಹಿಡಿದೆ. ಅವನ ಕಣ್ಣು ನನ್ನ ಕಣ್ಣಿನಲ್ಲೇ ಇತ್ತು, ಒಂದು ಚೂರೂ ಅಲುಗಾಡಲಿಲ್ಲ. ಪಕ್ಕದಲ್ಲಿದ್ದ ಕುರಿಯ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಆಗಲೇ ಮೇಲೆ ಪಟ್ ಎಂದು ಒಂದು ಸದ್ದಾಯಿತು, ಆಲಿಕಲ್ಲಿನ ಸದ್ದನ್ನೂ ಸೀಳಿಕೊಂಡು. ಒಂದು ತೂತಿನಿಂದ ಪುಡಿ ಎಗರಿ, ಬಿಳಿಯ ಹೆಂಟೆಗಳು ಸೂರಿನ ಅಂಚಿನಿಂದ ಮಳೆಯೊಳಗೆ ಉದುರಿದವು. ಕಾಲ ಕೆಳಗಿನ ಹಾಸುಬಂಡೆ ನಡುಗಿತು. ಕುರಿಗಳೆಲ್ಲ ಒಂದೇ ಸಲ ತಲೆ ಎತ್ತಿದವು.

ಮುದುಕನೂ ನೋಡಿದ. ಅವನ ಹಿಡಿತ ಒಂದು ಕ್ಷಣ ಸಡಿಲವಾಯಿತು. ಆದರೂ ಬಿಡಲಿಲ್ಲ. ನಾನು ಮೂರು ಹಿಡಿದೆ. ಹೌದು, ಆ ಪಟ್ ಎಂಬ ಸದ್ದು ಕೇಳಿದ ಮೇಲೂ ಮೂರು. ಅವನು ಕೈಯನ್ನೇ ಹಿಂದಕ್ಕೆ ತೆಗೆದುಕೊಳ್ಳಲು ಹೋದ. ಸಂತೆಯಲ್ಲಿ ಕೈ ಹಿಂದೆ ಹೋದರೆ ವ್ಯಾಪಾರ ಮುರಿದ ಹಾಗೆ. ಆ ಕೈ ಜಾರುತ್ತಿದ್ದಾಗ ನನಗೆ ಮೊದಲ ಬಾರಿಗೆ, ನಿಜವಾಗಿ ಮೊದಲ ಬಾರಿಗೆ, ಭಯವಾಯಿತು. ಎರಡೂ ಕೈಯಿಂದ ಅದನ್ನು ಹಿಡಿದು, ನಾಲ್ಕು ಬೆರಳನ್ನೂ ಒತ್ತಿ, ಅಂಗೈಗೆ ಅಂಗೈ ಅದುಮಿದೆ.

ಅವನು ತಕ್ಷಣ ಎದ್ದ. ಕೂತಿದ್ದವನ ಮಂಡಿಯಲ್ಲಿ ಅಷ್ಟು ಚುರುಕು ಇದ್ದದ್ದು ಆಮೇಲೆ ನೆನೆದರೆ ಅನುಮಾನ ಬರುತ್ತದೆ. ಮರಿಯನ್ನು ನನ್ನ ಕೈಗೆ ಹಾಕಿ, ನಾಲಿಗೆಯಿಂದ ಒಂದು ಸದ್ದು ಮಾಡಿ, ಮುಂದಿನ ಟಗರಿನ ಕೊಂಬು ಹಿಡಿದು ಹೊರಗೆ ನಡೆದ. ಕುರಿಗಳು ಅವನ ಹಿಂದೆ ಆಲಿಕಲ್ಲಿನೊಳಕ್ಕೆ ಇಳಿದವು. ಹಿಂದಿನವನ್ನು ನಾನೂ ಮೇಸ್ತ್ರಿಯೂ ಒದ್ದು, ತಳ್ಳಿ, ಬೈದು ಹೊರಡಿಸಿದೆವು. ಎಲ್ಲ ಹೊರಗೆ ಬಿದ್ದ ಮೇಲೆ ಮೇಲಿನ ಬಂಡೆಯವರೆಗೆ ನೂರು ಹೆಜ್ಜೆ. ನನ್ನ ಬೆನ್ನಿನ ಮೇಲೆ, ತೋಳಿನ ಮೇಲೆ ಬಿದ್ದ ಕಲ್ಲುಗಳ ಗುರುತು ಹದಿನೈದು ದಿನ ಇತ್ತು. ಮರಿಯನ್ನು ಸೆರಗಿನೊಳಗೆ ಹಾಕಿಕೊಂಡಿದ್ದೆ, ಅದಕ್ಕೆ ಏನೂ ಆಗಲಿಲ್ಲ.

ಮೇಲಿನ ಬಂಡೆಯ ಕೆಳಗೂ ಜಾಗವಿತ್ತು, ಆದರೆ ಪಶ್ಚಿಮದ ಎರಚಲು ಅರ್ಧದವರೆಗೆ ಹೊಡೆಯುತ್ತಿತ್ತು. ಮುದುಕ ಕುರಿಗಳನ್ನು ಎಣಿಸಿದ. ಮತ್ತೆ ಎಣಿಸಿದ. ಎಲ್ಲ ಇದ್ದವು. ಒಂದೆರಡು ಕುಂಟುತ್ತಿದ್ದವು. ಆಮೇಲೆ ಸೊಂಟ ತಡವಿಕೊಂಡು, "ಅಯ್ಯೋ ನನ್ನ ಬುತ್ತಿ" ಎಂದು ಕೆಳಗೆ ಹೊರಟೇಬಿಟ್ಟ.

"ಎಲ್ಲಿಗೆ ತಾತ!"

"ಅಲ್ಲೇ ಮೂಲೇಲಿ ಇಟ್ಟಿದ್ದೆ ಕಣವ್ವ. ಒಂದೇ ಗಳಿಗೆ, ಬಂದ್ಬಿಟ್ಟೆ."

ಮೇಸ್ತ್ರಿ ಅವನ ಕಂಬಳಿ ಹಿಡಿದ, ನಾನು ಸೊಂಟ ಹಿಡಿದೆ. "ಬಿಡ್ರೋ, ಉಂಡಿಲ್ಲ ನಾನು" ಎಂದು ಅವನು ಕೊಸರಾಡುತ್ತಿದ್ದಾಗಲೇ ಕೆಳಗಿನ ಸೂರು ಇಳಿಯಿತು. ಇಳಿಯಿತು ಎಂದೇ ಹೇಳಬೇಕು, ಬಿತ್ತು ಎನ್ನಲಾರೆ. ಮೊದಲು ಒಂದು ಕಪ್ಪು ಗೆರೆ ಅಗಲವಾಯಿತು, ಆಮೇಲೆ ಇಡೀ ಚಪ್ಪರ ಮುಂದಕ್ಕೆ ತಲೆಬಾಗಿ ತನ್ನದೇ ಅಂಗಳದ ಮೇಲೆ ಕೂತಿತು. ಸದ್ದು ಕಾಲಿನಿಂದ ಹಲ್ಲಿನವರೆಗೆ ಹತ್ತಿತು. ಎರಡು ಕುರಿ ಬೆದರಿ ಓಡಿ, ಮತ್ತೆ ಹಿಂದಕ್ಕೆ ಬಂದವು.

ಮಳೆ ಸುರಿಯುತ್ತಲೇ ಇತ್ತು.

"ಮುದ್ದೆ ಹೋಯ್ತು" ಎಂದ ಮುದುಕ.

ಮೇಸ್ತ್ರಿ ನನ್ನ ಕಡೆ ತಿರುಗಿದ. "ಅಲ್ಲಕ್ಕ, ನಾನು ಅಲ್ಲಿ ಬೆಂಕಿಕಡ್ಡಿ ತೋರಿಸ್ತಾ ನಿಂತಿದ್ದೀನಿ. ಕಂಬಳಿ ಒಳಗೆ ಇಬ್ರೂ ಏನು ಮಾಡ್ತಿದ್ರಿ?"

"ಚೌಕಾಸಿ" ಎಂದೆ.

ಅವನು ಬಾಂಡ್ಲಿಯನ್ನು ನೆಲಕ್ಕೆ ಕುಕ್ಕಿದ.

ಮಳೆ ನಿಲ್ಲುವವರೆಗೆ ಅಲ್ಲೇ ಕೂತೆವು. ನನ್ನ ಸೀರೆಯಿಂದ ನೀರು ಸುರಿಯುತ್ತಿತ್ತು. ಮುದುಕ ಕಂಬಳಿಯನ್ನು ನನ್ನ ಮೇಲೆ ಹಾಕಿ ತಾನು ಮೇಸ್ತ್ರಿಯ ಪಕ್ಕ ಕುಕ್ಕರಿಸಿದ. ಉಳಿದ ನಾಲ್ಕೂ ಯಾಕೆ ಬೇಕಿತ್ತು, ಒಂದು ಸಾಲುತ್ತಿರಲಿಲ್ಲವೇ ಎಂದು ಕೇಳಿದೆ. ನಿಜ ಹೇಳಬೇಕೆಂದರೆ ಇನ್ನೂ ಮನಸ್ಸಿನೊಳಗೆ ಚೌಕಾಸಿ ನಡೆದೇ ಇತ್ತು.

"ಒಂದು ಕೋಣೆ ಇಟ್ಕೊಂಡು ಮನೆ ಅಂತೀಯೇನವ್ವ?" ಎಂದ. ಕೂತಲ್ಲಿಂದಲೇ ಕೋಲು ಎತ್ತಿ ತೋರಿಸಿದ. "ನೀನು ಒಡೆದಿದ್ದು ಮಳೆಗಾಲದ ಕೋಣೆ. ಇದು ಬೇಸಗೆದು, ಬೆಳಿಗ್ಗೆಯೆಲ್ಲ ನೆರಳು. ಅಲ್ಲಿ ಆ ಉದ್ದಕೈತಲ್ಲ, ಅದರ ನೆತ್ತಿ ಮೇಲೆ ದೊಣೆ ಐತೆ, ಶಿವರಾತ್ರಿ ತನಕ ನೀರು ನಿಲ್ತದೆ. ಅದರ ಪಕ್ಕದ್ದು ಚಳಿಗಾಲಕ್ಕೆ, ಸಂಜೆ ಬಿಸಿಲು ಕಾಯಿಸೋಕೆ. ತುದೀದು ನೋಡು, ಅದರ ಮೇಲೆ ನಿಂತ್ರೆ ಕೆರೆ ಕಾಣ್ತದೆ, ದಾರಿ ಕಾಣ್ತದೆ, ಯಾವೋನು ಬತ್ತಾನೆ ಹೋಯ್ತಾನೆ ಎಲ್ಲಾ ಕಾಣ್ತದೆ. ನಾನೇನು ಹೊಸದಾಗಿ ಕಂಡುಹಿಡಿದಿದ್ದಲ್ಲ. ನಮ್ಮಪ್ಪ ಹೇಳ್ದ, ಅವನಿಗೆ ಅವರಪ್ಪ ಹೇಳ್ದ. ಮೊದಲ್ನೇ ಅಪ್ಪನಿಗೆ ಯಾವೋನು ಹೇಳಿದ್ನೋ, ಅವನನ್ನ ಕೇಳು."

ನೀರು, ನೆರಳು, ಗಾಳಿಗೆ ಬೆನ್ನು, ದಾರಿಯ ಮೇಲೆ ಕಣ್ಣು. ನಾನು ಜನರಿಗೆ ಹೇಳಿಕೊಂಡು ತಿರುಗುವ ಪಾಠವೇ ಅದು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ. ನಾನು ಕೂತಿದ್ದದ್ದು ಅದನ್ನು ಮೊದಲು ಹೇಳಿದವರ ಬೇಸಿಗೆಯ ಕೋಣೆಯಲ್ಲಿ, ಎದುರಿಗೆ ಅವರ ಮಳೆಗಾಲದ ಕೋಣೆ ಹೊಗೆ ಹಿಡಿದ ಮುಖವನ್ನು ಮಣ್ಣಿಗೆ ಒತ್ತಿ ಮಲಗಿತ್ತು.

ಕಂಬಳಿಯ ಕೆಳಗಿನ ಮಾತಿಗೆ ಸಾಕ್ಷಿ ಇರುವುದಿಲ್ಲ. ಜಮೀನಿನವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾದರೂ ಅವರಿಗೇನು? ಐದು ಬಂಡೆ ಎಂದು ಅವರಿಗೂ ನಾನು ಮಾತು ಕೊಟ್ಟಿದ್ದೆ. ಎರಡು ದಿನ ನಿದ್ದೆ ಬರಲಿಲ್ಲ. ನಾನು ಬಿಟ್ಟರೆ ಅವರು ಇನ್ನೊಬ್ಬರನ್ನು ಕರೆಸುತ್ತಾರೆ. ಅಂಥವರು ಹತ್ತು ಜನರ ಹೆಸರು ನನಗೇ ಗೊತ್ತು. ಹಾಗಾಗಿ ಬರೀ ಕೈಯಲ್ಲಿ ಹೋಗಿ, ಒಡೆಸಬೇಡಿ ಎಂದರೆ ನಡೆಯುವುದಿಲ್ಲ. ನೀವೂ ನೆನಪಿಡಿ: ಒಬ್ಬರ ಕೈಯಿಂದ ಏನಾದರೂ ಬಿಡಿಸಬೇಕಾದರೆ ಅದಕ್ಕಿಂತ ಭಾರದ್ದನ್ನು ಇನ್ನೊಂದು ಕೈಯಲ್ಲಿ ಇಡಬೇಕು.

ಮೂರನೇ ದಿನ ಅವರನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಆಲಿಕಲ್ಲಿನ ಮಳೆ ಇಳಿಜಾರಿನ ಮಣ್ಣನ್ನು ಕೊರೆದು ಹಾಕಿತ್ತು. ಬಂಡೆಗಳ ಮೇಲ್ಮಗ್ಗುಲಲ್ಲಿ ಮಾತ್ರ ಮಣ್ಣು ನಿಂತಿತ್ತು.

"ಯಜಮಾನ್ರೇ, ಈ ನಾಲ್ಕನ್ನ ತೆಗೆದ್ರೆ ಎರಡೇ ಮಳೆಗೆ ನಿಮ್ಮ ಮಣ್ಣೆಲ್ಲ ಕೆರೆಗೆ ಹೋಯ್ತದೆ. ಮಣ್ಣು ಹಿಡ್ಕೊಂಡಿರೋವೇ ಇವು."

"ಮೊನ್ನೆ ತನಕ ತೆಗೀಬೇಕು ಅಂತಿದ್ರಲ್ಲಮ್ಮ?"

"ಮೊನ್ನೆ ತನಕ ಮಳೆ ಬಂದಿರ್ಲಿಲ್ಲ. ಬಿದ್ದಿರೋ ಬಂಡೆ ಕಲ್ಲಲ್ಲೇ ನಿಮಗೆ ನಾಲ್ಕು ಸಾಲು ಕಲ್ಲಿನ ಬದು ಕಟ್ಟಿಸಿ ಕೊಡ್ತೀನಿ. ನೆಲ ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಆಯ್ತದೆ. ದಾಳಿಂಬೆ ನಡುವೆ ಬಂಡೆ ಇದ್ರೆ ಕೊಯ್ಯೋರು ನೆರಳಲ್ಲಿ ಕೂರ್ತಾರೆ. ಕಲ್ಲಿಗೆ ನನಗೇನೂ ಬೇಡ."

ಅವರು ನನ್ನನ್ನು ಅನುಮಾನದಿಂದ ನೋಡಿದರು. ನನ್ನಂಥವಳು ಏನೂ ಬೇಡ ಎಂದರೆ ಅನುಮಾನ ಬರಲೇಬೇಕು. ಅದಕ್ಕೇ, "ಕೂಲಿ ಮಾತ್ರ ನಿಮ್ಮದು" ಎಂದು ಸೇರಿಸಿದೆ. ಅದನ್ನು ಕೇಳಿದ ಮೇಲೆ ಅವರಿಗೆ ನಂಬಿಕೆ ಬಂತು.

ಬಿದ್ದ ಸೂರನ್ನು ಸೀಳಿ ಎತ್ತಲು ಒಂದು ತಿಂಗಳಾಯಿತು. ಈ ಸಲ ಉಳಿ, ಸುತ್ತಿಗೆ ಮಾತ್ರ. ಮೇಸ್ತ್ರಿ ಬೇರೇನೂ ತರಿಸಲು ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರು ಕಾವಲಿಗೆ ಇದ್ದರು. ಕೊನೆಯ ತುಂಡು ಎತ್ತಿದ ದಿನ ಅವನು ನೆಲ ಗುಡಿಸಿ ನೀರು ಹೊಯ್ದ. ಬುತ್ತಿಯ ಸ್ಟೀಲು ಡಬ್ಬಿ ತಟ್ಟೆಯ ಹಾಗೆ ಚಪ್ಪಟೆಯಾಗಿ ಸಿಕ್ಕಿತು. ಬಲಗೈಯವನ ತಗ್ಗು ಹಾಗೇ ಇತ್ತು. ಎದುರಿಗಿನ ಎಡಚನದು ನಡುವೆ ಒಡೆದು ಎರಡಾಗಿತ್ತು. ಮೇಸ್ತ್ರಿ ಒಡಕಿನ ಮೇಲೆ ಹೆಬ್ಬೆರಳು ಎಳೆದ, ನನ್ನ ಕಡೆ ನೋಡಲಿಲ್ಲ.

ಈ ವರ್ಷವೂ ಮುಂಗಾರಿನ ಮೊದಲು ಆ ಕಡೆ ಹೋಗಿದ್ದೆ. ದಾಳಿಂಬೆ ಮೊಣಕಾಲೆತ್ತರ ಬಂದಿತ್ತು, ನಾಲ್ಕು ಬಂಡೆಯೂ ಇದ್ದವು. ಮುದುಕ ಬೇಸಿಗೆಯ ಕೋಣೆಯಲ್ಲಿ ಕೂತು, ನಾವು ಕೊಟ್ಟಿದ್ದ ಚಪ್ಪಟೆ ಡಬ್ಬಿಯನ್ನು ಬಡಿದು ಬಡಿದು ಒಂದು ಆಕಾರಕ್ಕೆ ತಂದುಕೊಂಡು, ಅದರಲ್ಲೇ ಮುದ್ದೆ ಇಟ್ಟುಕೊಂಡು ಉಣ್ಣುತ್ತಿದ್ದ. ಪಶ್ಚಿಮದಲ್ಲಿ ಮೋಡ ಏಳುತ್ತಿತ್ತು. ಕುರಿಗಳು ಇನ್ನೂ ಅಭ್ಯಾಸ ತಪ್ಪದೆ ಕೆಳಗಿನ ಬಂಡೆಯ ಕಡೆಗೇ ನೋಡುತ್ತಿದ್ದವು.

"ಮಳೆ ಬಂದ್ರೆ ಎಲ್ಲಿಗೆ ಹೋಗ್ತೀಯ ತಾತ?"

"ಇಲ್ಲೇ. ಅರ್ಧ ನೆನೀತೀವಿ." ಕೈ ತೊಳೆದು, ಕಂಬಳಿಗೆ ಒರೆಸಿಕೊಂಡ. "ಅವತ್ತು ನೀನು ಒಂದು ಅಂದೆ, ಎರಡು ಅಂದೆ, ಮೂರು ಅಂದೆ. ನೀನು ಮೂರು ಹಿಡಿದಾಗ ನಾನು ಒಪ್ಕೊಂಡು ಎದ್ದುಬಿಡಾನ ಅಂತಿದ್ದೆ ಕಣವ್ವ. ಕಾಲು ಆಗ್ಲೇ ಎದ್ದಿತ್ತು. ಕೈ ತೆಗೆದಿದ್ದು ವ್ಯಾಪಾರ ಮುರಿಯೋಕಲ್ಲ, ಹೊರಗೋಡೋಕೆ."

ನಾನು ನನ್ನ ನಾಲ್ಕು ಬೆರಳನ್ನು ನೋಡಿಕೊಂಡೆ.

"ನೀನೇ ಎಳೆದು ನಾಲ್ಕು ಕೊಟ್ಟೆ" ಎಂದು ಅವನು ನಕ್ಕ. "ವ್ಯಾಪಾರ ಕಲೀಬೇಕು ನೀನಿನ್ನೂ."

ಮೊದಲ ಹನಿ ಬಿತ್ತು. ಅವನು ಕಂಬಳಿಯ ಒಂದು ತುದಿಯನ್ನು ಎತ್ತಿ ಹಿಡಿದ. ನಾನು ಒಳಗೆ ಸರಿದು ಕೂತೆ.